ದಾನದ ಕಣ್ಣಿಗೆ ಬೆಲೆ ಕಟ್ಟುವವರು ಯಾರು?

ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ನಮ್ಮ ನಾಡಿನ ಹಳೆಯ ಪದ್ಧತಿ. ಬಾವಿಯಿಂದ ನೀರು ಹೊತ್ತು ತಂದವನಿಗೆ ಅರವಟ್ಟಿಗೆ ಇಟ್ಟವರು ಕೂಲಿ ಕೊಡುತ್ತಾರೆ. ಆದರೆ ಆ ಕೂಲಿಯನ್ನು ಬಾಯಾರಿ ಬಂದ ದಾರಿಹೋಕನಿಂದ ಯಾರೂ ವಸೂಲು ಮಾಡುವುದಿಲ್ಲ. ವೈದ್ಯವಿಜ್ಞಾನ ಇಂದು ನಮ್ಮ ಮುಂದಿಟ್ಟಿರುವ ಒಂದು ಪ್ರಶ್ನೆಯನ್ನು ಯೋಚಿಸುವಾಗಲೆಲ್ಲ ನಮಗೆ ಈ ಅರವಟ್ಟಿಗೆ ನೆನಪಾಗುತ್ತದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಕಾರ್ನಿಯಾ. ಅದರ ಒಳಮೈಯಲ್ಲಿ ಜೀವಕೋಶಗಳ ತೆಳುವಾದ ಹಾಸೊಂದಿದೆ. ಕಾರ್ನಿಯಾದೊಳಗೆ ಸೇರುವ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುವುದು ಈ ಕೋಶಗಳ ಕೆಲಸ. ಚರ್ಮದ ಗಾಯ ಮಾಯುವಂತೆ ಇವು ಮತ್ತೆ ಹುಟ್ಟುವುದಿಲ್ಲ. ಇವು ತೀರಾ ಕಡಿಮೆಯಾದರೆ ಕಾರ್ನಿಯಾ ಊದಿಕೊಂಡು ನೋಟ ಮಸುಕಾಗುತ್ತದೆ. ತೀರಿಕೊಂಡವರ ಕಾರ್ನಿಯಾದ ಕಸಿಯೇ ಇದಕ್ಕೆ ಇದ್ದ ಪರಿಹಾರ. ಆದರೆ 2016ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಪ್ರಕಾರ 70 ಕಾರ್ನಿಯಾ ಬೇಕಾದ ಕಡೆ ಸಿಗುತ್ತಿದ್ದುದು ಒಂದೇ ಒಂದು.

ಜಪಾನಿನ ಕ್ಯೋಟೋದಲ್ಲಿ ಡಾ. ಶಿಗೆರು ಕಿನೋಶಿತಾ ಮತ್ತು ಸಂಗಡಿಗರು ಈ ಲೆಕ್ಕವನ್ನೇ ಬದಲಿಸಲು ಹೊರಟರು. ದಾನಿಯ ಕಾರ್ನಿಯಾದಿಂದ ಆ ಕೋಶಗಳನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಸೂಜಿಯ ಮೂಲಕ ರೋಗಿಯ ಕಣ್ಣಿಗೆ ಬಿಟ್ಟರು. ಒಂದು ಕಣ್ಣಿಗೆ ಹತ್ತು ಲಕ್ಷ ಕೋಶಗಳು. ಬಳಿಕ ರೋಗಿ ಮೂರು ಗಂಟೆ ಬೋರಲು ಮಲಗಬೇಕು. ಕೋಶಗಳು ತಾವಾಗಿಯೇ ಇಳಿದು ಕಾರ್ನಿಯಾದ ಒಳಮೈಗೆ ಅಂಟಿಕೊಳ್ಳುತ್ತವೆ. 2018ರಲ್ಲಿ 11 ರೋಗಿಗಳ ಫಲಿತಾಂಶ ಪ್ರಕಟವಾಯಿತು. ಅವರಲ್ಲಿ 9 ಮಂದಿಯ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತ್ತು. 2023ರಲ್ಲಿ ಜಪಾನ್ ಸರಕಾರ ಈ ಚಿಕಿತ್ಸೆಗೆ ಅನುಮತಿ ನೀಡಿತು. ಒಬ್ಬ ದಾನಿಯ ಕೋಶಗಳಿಂದ ನೂರಕ್ಕೂ ಹೆಚ್ಚು ಕಣ್ಣುಗಳಿಗೆ ಚಿಕಿತ್ಸೆ ಸಾಧ್ಯವೆಂದು ತಯಾರಕರು ಹೇಳುತ್ತಾರೆ.

ಇದು ಸಂತೋಷದ ಸುದ್ದಿ. ಆದರೆ ಇದರೊಳಗೆ ಇನ್ನೊಂದು ಸಂಗತಿಯಿದೆ. ಎಳೆಯ ವಯಸ್ಸಿನವರ ಕೋಶಗಳೇ ಚೆನ್ನಾಗಿ ಬೆಳೆಯುತ್ತವೆ. ಕ್ಯೋಟೋದ ಆ ಪ್ರಯೋಗದ ದಾನಿಗಳು 7ರಿಂದ 29 ವರ್ಷದೊಳಗಿನವರು. ಅಂದರೆ ಔಷಧದ ಆ ಪುಟ್ಟ ಶೀಸೆಯ ಹಿಂದೆ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯೊಂದಿದೆ. ಅಂಥ ಗಳಿಗೆಯಲ್ಲೂ ಆ ಮನೆಯವರು ಬೆಲೆ ಕೇಳದೆ ಕೊಟ್ಟರು. ಹಾಗೆ ಕೊಟ್ಟದ್ದು ನೂರಾಗಿ ಬೆಳೆದು ಸರಕಾದಾಗ, ಅದರ ಒಡೆಯರು ಯಾರು?

ನಮ್ಮ ದೇಶದ ಕಾನೂನು ಇಲ್ಲಿ ಎರಡು ಮುಖ ತೋರಿಸುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಂಗಗಳ ವ್ಯಾಪಾರ ಅಪರಾಧ. ಆದರೆ ಕೋಶಗಳಿಂದ ತಯಾರಾಗುವ ಚಿಕಿತ್ಸೆಗಳನ್ನು 2019ರ ನಿಯಮಗಳು ‘ಹೊಸ ಔಷಧ’ಗಳ ಸಾಲಿಗೆ ಸೇರಿಸುತ್ತವೆ. ಔಷಧವೆಂದ ಮೇಲೆ ಅದಕ್ಕೆ ತಯಾರಕರಿರುತ್ತಾರೆ, ಪೇಟೆಂಟ್ ಇರುತ್ತದೆ, ಬೆಲೆಯೂ ಇರುತ್ತದೆ. ಪ್ರಯೋಗಾಲಯದ ಬಾಗಿಲು ದಾಟುವ ತನಕ ದಾನ, ದಾಟಿದ ಮೇಲೆ ಸರಕು!

ಇದು ಕನ್ನಡಿಗರಿಗೆ ದೂರದ ಮಾತಲ್ಲ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ವೈದ್ಯರು ಅವರ ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಿದರು. ಉಳಿದ ಅಂಚಿನ ಅಂಗಾಂಶವನ್ನು ಆಕರಕೋಶಗಳ ಸಂಶೋಧನೆಗೆ ಪ್ರಯೋಗಾಲಯಕ್ಕೆ ಕಳುಹಿಸಿದರು. ಅದರ ಬಳಿಕ ರಾಜ್ಯದಲ್ಲಿ ಅಸಂಖ್ಯ ಜನ ನೇತ್ರದಾನಕ್ಕೆ ಹೆಸರು ನೋಂದಾಯಿಸಿದರು.

ನಮ್ಮ ಸಮುದಾಯದಲ್ಲಿ ನೇತ್ರದಾನದ ಬಗ್ಗೆ ಹಿಂಜರಿಕೆ ಇದೆ, ಉಲಮಾಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ದೇಹ ನಮ್ಮ ಸೊತ್ತಲ್ಲ, ದೇವನ ಅಮಾನತ್ತು ಎಂಬುದು ಆ ಹಿಂಜರಿಕೆಯ ಬೇರು. 1988ರಲ್ಲಿ ಜಿದ್ದಾದ ಫಿಕ್ಹ್ ಅಕಾಡೆಮಿ ಮೃತರ ಅಂಗಗಳ ಕಸಿಗೆ ಅನುಮತಿ ನೀಡಿತು, ಆದರೆ ಅಂಗಗಳ ಮಾರಾಟ ಸಲ್ಲದೆಂದು ಷರತ್ತು ಹಾಕಿತು. ಈ ಷರತ್ತು ಕೊಡುವವನಿಗೆ ಮಾತ್ರವೇ? ಅಮಾನತ್ತನ್ನು ಪಡೆದುಕೊಂಡವನಿಗೂ ಅನ್ವಯಿಸಬೇಡವೇ?

ಕಂಪನಿಗಳ ವಾದವನ್ನೂ ಕೇಳೋಣ. ವರ್ಷಗಟ್ಟಲೆ ಸಂಶೋಧನೆ ನಡೆಸಿದ್ದೇವೆ, ಅಪಾರ ಹಣ ಸುರಿದಿದ್ದೇವೆ, ಲಾಭವಿಲ್ಲದೆ ಈ ಔಷಧ ಯಾರು ಮಾಡುತ್ತಾರೆ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ನೀರು ಹೊತ್ತವನಿಗೆ ಕೂಲಿ ಸಲ್ಲಲೇಬೇಕು. ಆದರೆ ಕೂಲಿ ಪಡೆದವನು ಬಾವಿಗೇ ಬೇಲಿ ಹಾಕಬಾರದು.

ಆದ್ದರಿಂದ ನಾವು ಮೂರು ಮಾತು ಕೇಳಬೇಕಾಗಿದೆ. ಕಣ್ಣು ಪಡೆಯುವಾಗಲೇ, ಇದರ ಕೋಶಗಳು ಪ್ರಯೋಗಾಲಯದಲ್ಲಿ ಬೆಳೆದು ಮಾರುಕಟ್ಟೆಗೆ ಹೋಗಬಹುದೆಂದು ಮನೆಯವರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೆಲೆಯಲ್ಲಿ ಶ್ರಮಕ್ಕೆಷ್ಟು, ಲಾಭಕ್ಕೆಷ್ಟು ಎಂಬ ಲೆಕ್ಕ ಬಹಿರಂಗವಾಗಬೇಕು. ಬಡವರ ಪಾಲು ಮೊದಲೇ ನಿಗದಿಯಾಗಬೇಕು. ಇದು ಆಗದ ಮಾತೇನಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ 2001ರಲ್ಲೇ ಕಾರ್ನಿಯಾದ ಅಂಚಿನ ಕೋಶಗಳನ್ನು ಬೆಳೆಸಿ ಚಿಕಿತ್ಸೆ ನೀಡತೊಡಗಿತು. ಬಡವರಿಗೆ ಉಚಿತ ಚಿಕಿತ್ಸೆಯೂ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಒಬ್ಬರಿಂದ ನೂರು ಕಣ್ಣು ಎಂದಾಕ್ಷಣ ನೇತ್ರದಾನದ ಅಗತ್ಯ ತೀರಿತೆಂದು ಭಾವಿಸಬಾರದು. ಭತ್ತದ ಹೊಟ್ಟು ತಾಗಿ ಹುಣ್ಣಾದ ರೈತನ ಕಣ್ಣಿನ ಕಲೆಗೆ ಈ ಸೂಜಿ ಮದ್ದಾಗದು, ಅವನಿಗೆ ಕಾರ್ನಿಯಾವೇ ಬೇಕು. ಪ್ರಯೋಗಾಲಯಕ್ಕೂ ಮೊದಲು ಬೇಕಾದದ್ದು ಒಬ್ಬ ದಾನಿಯೇ. ಕೊಟ್ಟದ್ದು ಅಂಗಡಿಯ ಸರಕಾಯಿತೆಂದು ಜನರಿಗೆ ಅನಿಸಿದ ದಿನ, ಮಗುವಿನ ಶವದ ಮುಂದೆ ಕುಳಿತ ತಾಯಿ ಇನ್ನೊಮ್ಮೆ ಹೂಂ ಎನ್ನುವಳೇ? ಅವಳ ನಂಬಿಕೆಯನ್ನು ಬೆಳೆಸಿಕೊಡುವ ಪ್ರಯೋಗಾಲಯ ಎಲ್ಲಿಯೂ ಇಲ್ಲ.