ಕೊನೆಯ ಹೊಲದ ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯಬೇಕು. ಮೇಲ್ಭಾಗದ ಗದ್ದೆಗಳಲ್ಲಿ ನೀರು ನಿಂತಿರುವಾಗಲೂ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೆಳಭಾಗದ ರೈತರು ನೀರಿಗಾಗಿ ರಸ್ತೆಗಿಳಿದದ್ದುಂಟು. ಗೇಟು ಎತ್ತಿದವರ ಲೆಕ್ಕದಲ್ಲಿ ನೀರು ಬಿಟ್ಟಾಗಿದೆ. ಕೊನೆಯ ಹೊಲದವರ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. ಎರಡೂ ಸುಳ್ಳಲ್ಲ, ಆದರೆ ಬೆಳೆ ಉಳಿಯುವುದು ಎರಡನೆಯ ಲೆಕ್ಕ ಸರಿಹೋದಾಗ ಮಾತ್ರ.

ಮುಕ್ತ ತಂತ್ರಾಂಶದ ಲೋಕದಲ್ಲೂ ಗೇಟಿನ ಬಳಿ ನಿಂತು ಆಡುವ ಮಾತೊಂದಿದೆ: 'ನನ್ನ ಕಂಪ್ಯೂಟರಿನಲ್ಲಿ ನಡೆಯುತ್ತದೆಯಲ್ಲ!' ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟಿರುತ್ತಾರೆ, ನಿಜ. ಆದರೆ ರಾಯಚೂರಿನ ವಿಂಡೋಸ್ ಯಂತ್ರದಲ್ಲಿ ಕೋಡಿನಿಂದ ಓಡುವ ಪ್ರೋಗ್ರಾಂ ಆಗಿ ಬಿಲ್ಡ್ ಆದದ್ದು ದೇವದುರ್ಗದ ಹುಡುಗಿಯೊಬ್ಬಳ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎರರ್ ತೋರಿಸಿ ನಿಂತರೆ, ಅವಳ ಪಾಲಿಗೆ ಆ ಬಾಗಿಲು ಮುಚ್ಚಿದೆ.

ಕಾರಣ ಎಷ್ಟೋ ಸಲ ಸಾಸಿವೆಯಷ್ಟು. ಪ್ರತಿ ಸಾಲಿನ ಕೊನೆಗೆ ವಿಂಡೋಸ್ ರೂಢಿಯಲ್ಲಿ ಕಣ್ಣಿಗೆ ಕಾಣದ ಎರಡು ಗುರುತು, ಲಿನಕ್ಸಿನಲ್ಲಿ ಒಂದೇ. ಆ ಹೆಚ್ಚಿನ ಗುರುತಿಗೆ ಎಡವಿ ಲಿನಕ್ಸಿನಲ್ಲಿ ಸ್ಕ್ರಿಪ್ಟ್ ನಿಲ್ಲುತ್ತದೆ. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ವಿಂಡೋಸಿಗೆ ಸಾಮಾನ್ಯವಾಗಿ ಒಂದೇ. ಲಿನಕ್ಸಿಗೆ ಬೇರೆ ಬೇರೆ. ಆ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರ ತಿದ್ದಿದ ನಮಗೆ ಈ ತಪ್ಪು ಕಣ್ಣಿಗೆ ಬೀಳುವುದೂ ತಡವಾಗಿಯೇ.

ಇಂಥದ್ದನ್ನು ಹುಡುಕಿ ಸರಿಪಡಿಸುವವರಿಗೆ ಹೆಸರು ಬರುವುದು ಅಪರೂಪ. ಹೊಸದನ್ನು ಕಟ್ಟಿದವರನ್ನು ನೆನೆಯುತ್ತೇವೆ. ಎರಡು ಸಾಲು ತಿದ್ದಲು ರಾತ್ರಿಯಿಡೀ ಕೂತವರನ್ನು ಮರೆಯುತ್ತೇವೆ. ಅವರ ಯಂತ್ರದಲ್ಲಿ ಆ ಪ್ರೋಗ್ರಾಂ ಮೊದಲೇ ನಡೆಯುತ್ತಿತ್ತು. ಕೂತದ್ದು ಮುಖ ಕಾಣದ ಇನ್ನೊಬ್ಬರಿಗಾಗಿ. ಕಾಲುವೆಯ ಹೂಳೆತ್ತುವವರ ಹೊಲ ಅದೇ ಕಾಲುವೆಯ ಕೆಳಗೆ ಇರಬೇಕೆಂದಿಲ್ಲ.

ಪುಕ್ಕಟೆ ಕೊಟ್ಟಮೇಲೆ ಹೊಣೆ ಏಕೆ ಎಂದು ಕೇಳಬಹುದು. ಕಾನೂನಿನಲ್ಲಿ ಹೊಣೆಯಿಲ್ಲ, 1989ರಲ್ಲಿ ಬಂದ, ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಯೇ ಯಾವ ಖಾತರಿಯೂ ಇಲ್ಲವೆನ್ನುತ್ತದೆ. ಆದರೆ 'ಎಲ್ಲರಿಗೂ' ಎಂಬ ಮಾತು ಕೊಟ್ಟವರು ನಾವೇ. ಕೊಟ್ಟ ಮಾತಿಗೆ ಕಾನೂನಿಗಿಂತ ಹೆಚ್ಚಿನ ಭಾರವಿದೆ.

2019ರಲ್ಲಿ ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) ಶುರುವಾಯಿತು. ಈ ನೆಲದಲ್ಲಿ ಕೋಡ್ ಬರೆಯುವ ಮಕ್ಕಳಿಗೆ ನನ್ನದೊಂದು ಕೋರಿಕೆ: ಕೆಲಸ ಮುಗಿಯಿತು ಎನ್ನುವ ಮೊದಲು ನಿಮ್ಮದಲ್ಲದ ಒಂದು ಕಂಪ್ಯೂಟರಿನಲ್ಲಿ, ಸಾಧ್ಯವಾದರೆ ಹಳೆಯದೊಂದರಲ್ಲಿ, ಬಿಲ್ಡ್ ಮಾಡಿ ನೋಡಿ.