ನೆರೆಯವನನ್ನು ನೋಡಿ ಬಿತ್ತುವುದು

ಹತ್ತು ಜನ ಹೋದ ದಾರಿಯಲ್ಲೇ ಹೋಗುವವರನ್ನು ಕುರಿಮಂದೆ ಎಂದು ಜರೆಯುವುದು ನಮ್ಮಲ್ಲಿ ವಾಡಿಕೆ. ಇಂಗ್ಲಿಷಿನವರು ‘ಬ್ಯಾಂಡ್‌ವ್ಯಾಗನ್ ಹತ್ತಿದರು’ ಎನ್ನುವಾಗಲೂ ದನಿಯಲ್ಲಿ ಅದೇ ತಾತ್ಸಾರ. ತಮಿಳುನಾಡಿನ ಹೊಸೂರು ಸೀಮೆಯ ಜವಳಗಿರಿ ಕಡೆಯ ರಾಗಿ ಹೊಲಗಳನ್ನು ಕಂಡವರಿಗೆ ಈ ತಾತ್ಸಾರ ಅಷ್ಟು ಸುಲಭವಾಗಿ ಬರಲಾರದು.

ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ಜವಳಗಿರಿ ಕಾಡಿಗೆ ಬರುವುದು ಹೆಚ್ಚಾಗಿ ರಾಗಿ ತೆನೆ ಬಲಿಯುವ ಹೊತ್ತಿಗೇ. ಎಲ್ಲರೂ ಒಂದೇ ಹದದಲ್ಲಿ ಬಿತ್ತಿದ್ದರೆ ರಾತ್ರಿ ಕಾವಲಿಗೂ ಎಲ್ಲರೂ ಇರುತ್ತಾರೆ. ಒಬ್ಬ ಅಟ್ಟಣೆಯಿಂದ ಕೂಗಿದರೆ ಪಕ್ಕದ ಹೊಲದವನು ಪಟಾಕಿ ಹಚ್ಚುತ್ತಾನೆ. ಮುಂಚೆ ಬಿತ್ತಿದವನ ತೆನೆಗೆ ಸುತ್ತಲ ಹಕ್ಕಿಯೆಲ್ಲ ಎರಗುತ್ತದೆ. ತಡಮಾಡಿದವನು, ಉಳಿದವರ ಕಣ ಮುಗಿದ ಮೇಲೆ, ಒಂಟಿಯಾಗಿ ಆನೆ ಕಾಯಬೇಕು. ಇಲ್ಲಿ ಜನ ಹೆಚ್ಚಿದಷ್ಟೂ ಎಲ್ಲರಿಗೂ ಲಾಭ.

ಅದೇ ರೈತ ಟೊಮೆಟೊ ಹಾಕಿದರೆ ಲೆಕ್ಕ ತಿರುಗುಮುರುಗಾಗುತ್ತದೆ. 2023ರ ಜುಲೈನಲ್ಲಿ ಕಿಲೋ ಬೆಲೆ ನೂರು ರೂಪಾಯಿ ದಾಟಿತ್ತು. ಅದನ್ನು ನೋಡಿ ಸಸಿ ತಂದು, ಮಲ್ಚಿಂಗ್ ಹಾಸಿ, ಕಡ್ಡಿ ಕಟ್ಟಿ ಬೆಳೆಸಿದರೆ ಮೊದಲ ಕೊಯ್ಲಿಗೆ ಎರಡು, ಎರಡೂವರೆ ತಿಂಗಳು ಬೇಕು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಇವತ್ತಿನ ಬೆಲೆ ಹೇಳುವುದು ಹಿಂದೆ ಎಷ್ಟು ಕಡಿಮೆ ಜನ ನಾಟಿ ಮಾಡಿದ್ದರು ಎಂಬುದನ್ನು. ಇವತ್ತು ಎಷ್ಟು ಜನ ಮಾಡುತ್ತಿದ್ದಾರೆ ಎಂಬುದು ಅದರಲ್ಲಿ ಇರುವುದಿಲ್ಲ. ರಾಯಕೋಟೆ ಮಂಡಿಗೆ ಎಲ್ಲರ ಕ್ರೇಟೂ ಒಟ್ಟಿಗೆ ಬಂದಾಗಲೇ ಅದು ಗೊತ್ತಾಗುವುದು. ಹಾಗಾದರೆ ಬೆಲೆ ಬಿದ್ದಾಗ ನಾಟಿ ಮಾಡು ಎನ್ನುವ ಜಾಣರಿದ್ದಾರೆ. ಆ ಮಾತನ್ನು ಎಲ್ಲರೂ ಕೇಳಿದರೆ ಅದೂ ಕೆಡುತ್ತದೆ! ಅದೂ ಅಲ್ಲದೆ ಹಿಂದಿನ ಬೆಳೆಯ ಸಾಲ ತೀರದವನು ಯಾವ ಧೈರ್ಯದ ಮೇಲೆ ಮತ್ತೆ ಸಸಿ ತರಬೇಕು?

ಹಾಗಾಗಿ ಅನುಸರಿಸುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ನನಗೆ ಪೊಳ್ಳು ಅನಿಸುತ್ತದೆ. ನಾನು ಹಿಂಬಾಲಿಸುತ್ತಿರುವುದು ಜನ ಸೇರಿದಷ್ಟೂ ಬೆಳೆಯುವಂಥದ್ದೋ ಕರಗುವಂಥದ್ದೋ ಎಂದು ಕೇಳಿಕೊಳ್ಳಬೇಕು.

ಈ ಎರಡರಲ್ಲೂ ಹಿಡಿಯದ ಮೂರನೆಯದೊಂದಿದೆ, ಅದು ಹೆಚ್ಚು ಕಾಡುವಂಥದ್ದು: ಶಾಲೆಯ ಆಯ್ಕೆ. 1956ರ ರಾಜ್ಯ ಮರುವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲೇ ಉಳಿದ ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆದು ಬಂದಿವೆ. ತಮಿಳುನಾಡಿನ 2006ರ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ಆ ಕಡ್ಡಾಯ ತರಗತಿಯಿಂದ ತರಗತಿಗೆ ಏರಿ 2015-16ರಲ್ಲಿ ಹತ್ತಕ್ಕೆ ತಲುಪಿತು. ಅತ್ತ ಹೊಸೂರು, ಬೆಂಗಳೂರಿನ ಕೆಲಸಗಳು ಇಂಗ್ಲಿಷ್ ಕೇಳುತ್ತವೆ. ಮಗುವನ್ನು ಕಾನ್ವೆಂಟಿನ ವ್ಯಾನು ಹತ್ತಿಸುವ ತಾಯಿಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಟೊಮೆಟೊ ಬೆಳೆಯದವನಿಗೆ ಟೊಮೆಟೊ ಬೆಲೆ ಬಿದ್ದರೆ ನಷ್ಟವಿಲ್ಲ; ಶಾಲೆ ಹಾಗಲ್ಲ. ಹೋದವರಿಂದ ತರಗತಿ ಖಾಲಿಯಾಗಿ, ಮಕ್ಕಳಿಲ್ಲವೆಂದು ಮೇಷ್ಟ್ರು ಕಡಿಮೆಯಾಗಿ, ಉಳಿಯಬೇಕೆಂದಿದ್ದವರೂ ಹೊರಡಬೇಕಾಗುತ್ತದೆ. ಕೊನೆಗೆ ಹೊರಟವರ ಹೆಸರೂ ಆಗ ‘ಇಂಗ್ಲಿಷ್ ಬಯಸಿದವರು’ ಎಂಬ ಪಟ್ಟಿಗೇ ಸೇರುತ್ತದೆ. ಇಷ್ಟಪಟ್ಟು ಹೋದವರೆಷ್ಟು, ದಾರಿ ಕಾಣದೆ ಹೋದವರೆಷ್ಟು ಎಂದು ದಾಖಲಾತಿ ಪುಸ್ತಕ ನೋಡಿ ಹೇಳುವುದು ಹೇಗೆ?