ಇಗ್ಗುತ್ತಪ್ಪನಲ್ಲಿ ಬಿನ್ನಹ

ಪಾಡಿಯ ಇಗ್ಗುತ್ತಪ್ಪ, ಮಳೆ ಬೆಳೆಗಳ ಒಡೆಯ, ಕೊಡಗಿನ ಮಳೆ ತಿಂಗಳು ಕಕ್ಕಡ ಬಂದಿದೆ. ಮಳೆ ಸಾಕು ಎಂದು ಬೇಡಲು ಬಂದಿಲ್ಲ. ಗದ್ದೆಯಲ್ಲಿ ನಾಟಿ ಆಗಬೇಕು, ಕಾವೇರಿ ತುಂಬಬೇಕು. ನಾವು ಮಲಗುವ ಮನೆಗಳ ಅಡಿಯ ಮಣ್ಣಿಗಾಗಿ ಬಂದಿದ್ದೇನೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಎರಡನೇ ಮೊಣ್ಣಂಗೇರಿಗಳಲ್ಲಿ ಬೆಟ್ಟವೇ ಕೆಸರಾಗಿ ಇಳಿಯಿತು. ತೋಟವಿದ್ದವರಿಗೆ ತೋಟ ಎಲ್ಲಿತ್ತೆಂದು ತೋರಿಸಲಾಗಲಿಲ್ಲ. ಮರುವರ್ಷ ತೋರ ಗ್ರಾಮದಲ್ಲೂ ಬೆಟ್ಟ ಜರಿಯಿತು. 2020ರಲ್ಲಿ ತಲಕಾವೇರಿಯ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ತೀರ್ಥದ ಪಕ್ಕದಲ್ಲೇ ಇದ್ದವರಿಗೆ ಹಾಗಾದ ಮೇಲೆ, ಹರಕೆ ಕಟ್ಟಿ ಸುಮ್ಮನೆ ಕೂರುವುದು ನನ್ನಿಂದಾಗದು.

ಈ ಬೆಟ್ಟಗಳು ನಿನಗೆ ಗೊತ್ತು. ಕೆಳಗೆ ಬಂಡೆ, ಮೇಲೆ ದಪ್ಪನೆಯ ಮೆದು ಮಣ್ಣು. ದಿನಗಟ್ಟಲೆ ಮಳೆ ಹಿಡಿದರೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಬಂಡೆಯ ಮೇಲಿನ ಹಿಡಿತ ಸಡಿಲುತ್ತದೆ. ಅಂಥ ಬೆಟ್ಟದ ಬುಡಕ್ಕೆ ಜೆಸಿಬಿ ತಂದು ಗೋಡೆಯಂತೆ ನೆಟ್ಟಗೆ ಕಡಿಯುತ್ತೇವೆ. ಹೋಂಸ್ಟೇ ಎಬ್ಬಿಸುತ್ತೇವೆ, ರಸ್ತೆ ಅಗಲಿಸುತ್ತೇವೆ, ತೋಡಿಗೆ ಮಣ್ಣು ತುಂಬುತ್ತೇವೆ. ನೀರಿಗೆ ದಾರಿಯಿಲ್ಲದೆ ಆ ಕಡಿದ ಬರೆ ಜರಿದರೆ ದೈವಕೋಪ ಎನ್ನುತ್ತೇವೆ. ಅದು ನಿನ್ನ ಮೇಲಿನ ಸುಳ್ಳು ದೂರು, ತಂದೆ. ಅತ್ತ ಅರಬ್ಬಿ ಸಮುದ್ರವೂ ಬಿಸಿಯೇರಿದೆ. ವಾರಗಟ್ಟಲೆ ಹಂಚಿ ಬೀಳಬೇಕಾದ ಮಳೆ ಎರಡು ಮೂರು ದಿನಗಳಲ್ಲೇ ಸುರಿದುಬಿಡುತ್ತದೆ. ಅದರಲ್ಲೂ ಮನುಷ್ಯರ ಕೈಯಿದೆ.

ತೋಟದವರು ಇಂಚುಗಳಲ್ಲಿ ಬರೆದಿಟ್ಟ ಮಳೆಲೆಕ್ಕ ನಮ್ಮಲ್ಲಿದೆ. ಊರೆಲ್ಲ ಕೂತು ಅದನ್ನು ಓದುವ ಬುದ್ಧಿ ಕೊಡು. ಅಂಗಳದಲ್ಲಿ ಹೊಸ ಒರತೆ ಎದ್ದರೆ, ಗೋಡೆ ಬಿರಿದರೆ, ಮರ ವಾಲಿದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಬೆಳಗಾಗಲಿ ಎಂದು ಕಾಯದೆ ಹೊರಡುವ ಮನಸ್ಸು ಕೊಡು. ಹಸು ಕರು ಬಿಟ್ಟು ಹೇಗೆ ಬರಲಿ ಎನ್ನುವ ಅಜ್ಜಿಯರಿಗೆ, ಅವುಗಳ ಹಗ್ಗ ಬಿಚ್ಚಿ ಜೊತೆಗೇ ಹೊಡೆದುಕೊಂಡು ಬರುವ ನೆರೆಯವರನ್ನು ಕೊಡು. ಬೆಟ್ಟ ಕಡಿಯಲು ಅನುಮತಿಯ ಸಹಿ ಹಾಕುವವರು, ಸಹಿಗೆ ಮೊದಲು ಆ ಬರೆಯ ಕೆಳಗೆ ಮಳೆಗಾಲದ ಒಂದು ರಾತ್ರಿ ಮಲಗಿ ನೋಡಲಿ.

ಕರಡಿಗೋಡಿನ ಹೊಳೆದಂಡೆಯವರನ್ನು ಮರೆಯಬೇಡ. ತೋಟದಲ್ಲಿ ಕೂಲಿ ಮಾಡುವವರು. ಬೇರೆಲ್ಲೂ ಒಂದು ಸೆಂಟು ನೆಲವಿಲ್ಲದ್ದಕ್ಕೆ ಕಾವೇರಿಯ ದಡದಲ್ಲಿ ಮನೆ ಕಟ್ಟಿಕೊಂಡವರು. ಹೊಳೆ ಏರಿದರೆ ಪಾತ್ರೆ ಬಟ್ಟೆ ಗಂಟು ಕಟ್ಟಿ ಪರಿಹಾರ ಕೇಂದ್ರಕ್ಕೆ, ಇಳಿದರೆ ಕೆಸರು ಬಳಿದು ಅದೇ ಮನೆಗೆ. ಖಾಲಿ ಮಾಡಿ ಎನ್ನುವ ನೋಟಿಸು ಬರುತ್ತದೆ, ಹೋಗಲು ಜಾಗ ಸಿಗುವುದಿಲ್ಲ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಮನೆಗಳಾದವು. ಮನಸ್ಸಿದ್ದರೆ ಆಗುತ್ತದೆ. ಆದರೆ ಅಷ್ಟು ಜೀವ, ಅಷ್ಟು ಮನೆ ಹೋದ ಮೇಲೆ ಆದದ್ದು ಅದು. ಕರಡಿಗೋಡಿನ ಇವರಿಗೆ ಮೊದಲೇ ಆಗಲಿ. ಮುಂದಿನ ಕಕ್ಕಡದೊಳಗೆ, ಹೊಳೆ ಮುಟ್ಟದ ಜರಿಯದ ನೆಲದ ಹಕ್ಕುಪತ್ರ ಇವರ ಹೆಸರಿಗೆ ಬರುವಂತೆ, ಅದರ ಕಡತ ಇಟ್ಟುಕೊಂಡು ಕೂತವರನ್ನು ಎಬ್ಬಿಸು, ಇಗ್ಗುತ್ತಪ್ಪ.